ಕಪಾಟಿನ ಪೀಸು

ನಮ್ಮ ಭಾವ ಹನುಮಂತರಾಯರು ತಮ್ಮ ಮದುವೆಯ ಹೋಳಿಗೆಯಲ್ಲೇ ದೋಷ ಕಂಡುಹಿಡಿದವರು. ಪಂಕ್ತಿಯಲ್ಲಿ ಕೂತು, ಎಲೆಗೆ ಬಿದ್ದ ಎರಡು ಹೋಳಿಗೆಗಳನ್ನು ಒಂದರ ಮೇಲೊಂದು ಇಟ್ಟು ನೋಡಿ, ಅಂಚಿಗೆ ಅಂಚು ಕೂಡುವುದಿಲ್ಲವೆಂದು ಅಡುಗೆಯವರನ್ನು ಕರೆಸಿದ್ದರು. ಆಗ ನಾನು ಹದಿನಾಲ್ಕು ವರ್ಷದವನು, ಮದುಮಗಳ ತಮ್ಮ. ಇಂಥವರ ಕೈಯಲ್ಲಿ ನಮ್ಮ ತುಳಸಕ್ಕ ಹೇಗೆ ಬಾಳುವೆ ಮಾಡುತ್ತಾಳಪ್ಪಾ ಎಂಬ ಚಿಂತೆಯಲ್ಲಿ ನನಗೆ ಆ ದಿನ ಮೂರನೇ ಹೋಳಿಗೆ ಇಳಿಯಲಿಲ್ಲ.

ಆಮೇಲೆ ತಿಳಿಯಿತು, ಅದು ಅವರ ತಪ್ಪಲ್ಲ, ನೌಕರಿಯ ತಪ್ಪು. ಹೈದರಾಬಾದಿನ ಕುಷಾಯಿಗೂಡದ ಹತ್ತಿರ ಒಂದು ದೊಡ್ಡ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಅವರು ಮೂವತ್ತೊಂದು ವರ್ಷ ಕ್ವಾಲಿಟಿ ಇನ್‌ಸ್ಪೆಕ್ಟರು. ಬಾಯಲ್ಲಿ ಎರಡೇ ಮಾತು: ಪಾಸ್, ರಿಜೆಕ್ಟ್. ನಿವೃತ್ತರಾಗಿ, ಅಲ್ಲೇ ಸಮೀಪದ ಅಪಾರ್ಟ್‌ಮೆಂಟಿನ ಎರಡನೇ ಮಹಡಿ ಸೇರಿದ ಮೇಲೆ ಪರೀಕ್ಷಿಸಲು ರೇಡಿಯೋ ಭಾಗಗಳು ಸಿಗಲಿಲ್ಲ. ಹಾಗಾಗಿ ಅಕ್ಕನ ಇಡ್ಲಿ, ಕೆಳಗಿನ ಮನೆಯವರ ರಂಗೋಲಿ, ಓಣಿಯ ಆಚೆ ಕಟ್ಟುತ್ತಿದ್ದ ಹೊಸ ಕಟ್ಟಡದ ಗೋಡೆ, ಎಲ್ಲವೂ ಅವರ ಕಣ್ಣಿಗೆ ಬಿದ್ದವು.

ಆ ಕಾರ್ಖಾನೆಯ ಒಂದು ಪದ್ಧತಿಯನ್ನು ಇಲ್ಲೇ ಹೇಳಿಬಿಡಬೇಕು, ಮುಂದಿನ ಅನರ್ಥಕ್ಕೆಲ್ಲ ಅದೇ ಮೂಲ. ಹೊಸ ಮಾಲು ಬಂದಾಗ ಹತ್ತು ಪೀಸುಗಳನ್ನು ಬಿಸಿ ಪೆಟ್ಟಿಗೆಯಲ್ಲಿಟ್ಟು ದಿನಗಟ್ಟಲೆ ಕಾಯಿಸುತ್ತಿದ್ದರು. ಒಂದನ್ನು ಮಾತ್ರ ಏನೂ ಮಾಡದೆ ಕಪಾಟಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ಕಾದದ್ದು ಎಷ್ಟು ಕೆಟ್ಟಿದೆ ಎಂದು ಗೊತ್ತಾಗಬೇಕಾದರೆ ಕಾಯದ್ದರ ಪಕ್ಕದಲ್ಲಿಟ್ಟು ನೋಡಬೇಕಲ್ಲ! ಆ ಕಪಾಟಿನ ಕೀಲಿಕೈ ಮೂವತ್ತೊಂದು ವರ್ಷ ನಮ್ಮ ಭಾವನ ಜನಿವಾರದಲ್ಲಿತ್ತು. ಒಮ್ಮೆ ಜನರಲ್ ಮ್ಯಾನೇಜರು ಕೇಳಿದಾಗಲೂ ಕೊಟ್ಟಿರಲಿಲ್ಲ.

ಭಾವನಿಗೆ ಹನ್ನೊಂದು ವರ್ಷದಿಂದ ಸಕ್ಕರೆ ಕಾಯಿಲೆ. ಅವರ ತಂದೆಗೂ ಇತ್ತು, ಅಣ್ಣನಿಗೂ ಇತ್ತು. ಇಬ್ಬರೂ ಅರವತ್ತಮೂರನೇ ವಯಸ್ಸಿನಲ್ಲಿ, ಎದೆ ಹಿಡಿದುಕೊಂಡು, ಡಾಕ್ಟರು ಬರುವ ಮೊದಲೇ ಹೋದರು. ಆ ವರ್ಷ ದೀಪಾವಳಿಗೆ ಭಾವನಿಗೆ ಅರವತ್ತಮೂರು ನಡೆಯಲು ಶುರುವಾಯಿತು. ಮನೆಯಲ್ಲಿ ಯಾರೂ ಅದನ್ನು ಬಾಯಿಬಿಟ್ಟು ಆಡಲಿಲ್ಲ, ಆದರೆ ತುಳಸಕ್ಕ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೀಟು ಹಾಕುವುದನ್ನು ನಾನು ನೋಡಿದ್ದೆ.

ಹಾಗಿರುವಾಗ ಆಸ್ಪತ್ರೆಯ ಗೋಡೆಯ ಮೇಲೆ ಭಾವ ಒಂದು ಚೀಟಿ ಓದಿದರು. ಸಕ್ಕರೆ ಕಾಯಿಲೆ ಇದ್ದವರ ಹೃದಯಕ್ಕೆ ವಿಟಮಿನ್ ಡಿ ಗುಳಿಗೆಯಿಂದ ಉಪಯೋಗ ಉಂಟೋ ಇಲ್ಲವೋ ಎಂದು ಎರಡು ವರ್ಷ ಪರೀಕ್ಷೆ ಮಾಡುತ್ತಾರೆ, ಇಷ್ಟವಿದ್ದವರು ಹೆಸರು ಕೊಡಬಹುದು ಎಂದು ಅದರಲ್ಲಿತ್ತು. ಭಾವ ಆ ಗಳಿಗೆಯಲ್ಲೇ ಹೋಗಿ ಹೆಸರು ಕೊಟ್ಟರು. ಒಪ್ಪಿಗೆ ಪತ್ರ ಹದಿನಾರು ಪುಟ. ಎಲ್ಲರೂ ಕೊನೆಯ ಪುಟ ತೆಗೆದು ಸಹಿ ಹಾಕಿದರೆ, ಇವರು ಎರಡು ತಾಸು ಓದಿ ಒಂಬತ್ತನೇ ಪುಟ ಎರಡು ಸಲ ಇದೆ ಎಂದು ತೋರಿಸಿದರು.

ಪರೀಕ್ಷೆಯ ಕೆಲಸ ನೋಡುತ್ತಿದ್ದವಳು ಪ್ರಾಜಕ್ತಾ ಎಂಬ ಬೀದರದ ಹುಡುಗಿ. ಅವಳು ತಿಳಿಸಿ ಹೇಳಿದಳು: "ಕಾಕಾ, ಅರ್ಧ ಮಂದಿಗೆ ಖರೆ ಗುಳಿಗಿ, ಅರ್ಧ ಮಂದಿಗೆ ಹಂಗs ಕಾಣೋ ಖಾಲಿ ಗುಳಿಗಿ. ಯಾರಿಗೆ ಯಾವುದು ಅಂತ ನಿಮಗೂ ಗೊತ್ತಿರಂಗಿಲ್ಲ, ನಮಗೂ ಗೊತ್ತಿರಂಗಿಲ್ಲ. ಬ್ಯಾರೆ ವಿಟಮಿನ್ ಡಿ ಗುಳಿಗಿ ಮಾತ್ರ ತಗೋಬ್ಯಾಡ್ರಿ."

ಭಾವನ ಮುಖ ಅರಳಿತು. "ಕಪಾಟಿನ ಪೀಸು!" ಅಂದರು.

"ಏನಂದ್ರಿ?"

"ಏನಿಲ್ಲವಾ. ನಿಮ್ಮ ಪದ್ಧತಿ ಸರಿ ಅದ. ಪಾಸ್."

ಮನೆಗೆ ಗುಳಿಗೆಯ ಬಾಟಲಿ ಬಂದಾಗ ಮೊದಲ ತನಿಖೆ ತುಳಸಕ್ಕನದು. ನಮ್ಮದು ಮಡಿ-ಮೈಲಿಗೆಯ ಮನೆತನ. ಗುಳಿಗೆಯಲ್ಲಿ ಏನೇನಿದೆ ಎಂದು ತಿಳಿಯದೆ ಅದು ದೇವರ ಮನೆಯ ಹೊಸ್ತಿಲು ದಾಟುವಂತಿರಲಿಲ್ಲ. ಭಾವ ಪ್ರಾಜಕ್ತಾಗೆ ಫೋನ್ ಮಾಡಿದರು. ಖರೆ ಗುಳಿಗೆಯಾದರೆ ಕುರಿಯ ಉಣ್ಣೆಯ ಜಿಡ್ಡಿನಿಂದ ಮಾಡಿದ್ದು, ಖಾಲಿ ಗುಳಿಗೆಯಾದರೆ ಬರೀ ಮೆಕ್ಕೆಜೋಳದ ಹಿಟ್ಟು ಎಂದು ಅವಳು ಹೇಳಿದಳು. ಕುರಿ ಅಂದ ಕೂಡಲೇ ಅಕ್ಕ ಬಾಟಲಿಯನ್ನು ಎತ್ತಿ ಬಾಗಿಲ ಹೊರಗಿಡುತ್ತಾಳೆ ಎಂದು ನಾನು ಕಾದು ಕೂತಿದ್ದೆ.

"ಉಣ್ಣೀನಾ?" ಅಂದಳು ಅಕ್ಕ. "ಹಂಗಾರ ಅಡ್ಡಿ ಇಲ್ಲ. ಉಣ್ಣಿ ಧಾಬಳಿ ಉಟ್ಟs ಅಡಗಿ ಮಾಡ್ತೀನಲ್ಲ, ಉಣ್ಣಿಗೆ ಯಾವತ್ತೂ ಮೈಲಿಗಿ ಇಲ್ಲ. ಆದ್ರ ಖಾಲಿ ಗುಳಿಗೀದs ತ್ರಾಸು."

"ಹಿಟ್ಟಿನಾಗ ಏನು ತ್ರಾಸು?" ಅಂದೆ.

"ಏಕಾದಶಿಗೆ ಧಾನ್ಯ ನಡೀತದೇನೋ ನರಸ್ಯಾ? ಔಷಧಕ್ಕ ದೋಷ ಇಲ್ಲ, ನಂಗೂ ಗೊತ್ತದ. ಆದ್ರ ಔಷಧೇ ಇಲ್ಲದ ಗುಳಿಗಿ ಔಷಧ ಹೆಂಗ ಆಗ್ತದ?"

ಈ ಪ್ರಶ್ನೆ ಮಠದ ಆಚಾರ್ಯರ ತನಕ ಹೋಯಿತು. ಅವರು ಎರಡು ದಿನ ಯೋಚಿಸಿ, ನುಂಗುವವನಿಗೇ ಗೊತ್ತಿಲ್ಲದ ಕಾರಣ ದೋಷವೂ ಅರ್ಧವೇ ಎಂದು ಅಪ್ಪಣೆ ಕೊಡಿಸಿದರು. ಅರ್ಧ ದೋಷಕ್ಕೆ ಪರಿಹಾರವೆಂದು ಅಕ್ಕ ಪ್ರತಿ ದ್ವಾದಶಿಯ ಬೆಳಿಗ್ಗೆ ಹನ್ನೊಂದು ಪ್ರದಕ್ಷಿಣೆ ಹೆಚ್ಚಿಗೆ ಹಾಕತೊಡಗಿದಳು, ಮೊಣಕಾಲು ನೋವಿದ್ದರೂ.

ಎರಡು ತಿಂಗಳು ಎಲ್ಲ ಸರಳವಾಗಿ ನಡೆಯಿತು. ಭಾವ ಬೆಳಿಗ್ಗೆ ಏಳಕ್ಕೆ ವಾಕಿಂಗ್ ಹೋಗುತ್ತಿದ್ದರು. ಓಣಿಯ ಆಚೆ ಕಟ್ಟಡದ ಕೆಲಸಕ್ಕಿದ್ದ ಮೇಸ್ತ್ರಿ ಮಾಣಿಕಪ್ಪ ಅವರಿಗೆ ಗೆಳೆಯನಾಗಿದ್ದ. ಔರಾದ ಕಡೆಯವನು, ಹೆಂಡತಿ ಗದಿಗೆಮ್ಮನ ಜೊತೆ ಅಲ್ಲೇ ತಗಡಿನ ಶೆಡ್ಡಿನಲ್ಲಿದ್ದ. ಭಾವ ದಿನಾ ಅವನ ಗೋಡೆಗೆ ಕಣ್ಣು ಹಚ್ಚಿ ನೋಡಿ ರಿಜೆಕ್ಟ್ ಅನ್ನುವುದು, ಅವನು ನಗುತ್ತ ತೂಕದ ಗುಂಡು ಇಳಿಬಿಟ್ಟು ಸರಿ ಇದೆ ಎಂದು ತೋರಿಸುವುದು. ಮಾಣಿಕಪ್ಪನಿಗೂ ಸಕ್ಕರೆ ಇದೆ ಎಂದು ತಿಳಿದ ಮೇಲೆ ಭಾವ ಪ್ರತಿ ಭಾನುವಾರ ತಮ್ಮ ಮೀಟರು ಒಯ್ದು ಅವನ ಬೆರಳು ಚುಚ್ಚಿ, ಅಂಕಿಯನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದರು.

ಜನವರಿಯಲ್ಲಿ ಭಾವ ಯಾವುದೋ ಪತ್ರಿಕೆಯಲ್ಲಿ, ಬಿಸಿಲಿಗೆ ಮೈಯೊಡ್ಡಿದರೆ ಚರ್ಮವೇ ವಿಟಮಿನ್ ಡಿ ತಯಾರಿಸಿಕೊಳ್ಳುತ್ತದೆ ಎಂದು ಓದಿದರು. ಓದಿ, ಪತ್ರಿಕೆ ಮಡಚಿಟ್ಟು, ಕಿಟಕಿಗಳನ್ನೆಲ್ಲ ಮುಚ್ಚಿದರು.

ಅವರ ತರ್ಕ ಹೀಗಿತ್ತು. ಎರಡು ತಿಂಗಳಿಂದ ಗುಳಿಗೆ ನುಂಗಿದರೂ ಏನೂ ಅನ್ನಿಸಿಲ್ಲ, ಆದ್ದರಿಂದ ತಮ್ಮದು ಖಾಲಿ ಗುಳಿಗೆ. ಅಂದರೆ ತಾವು ಕಪಾಟಿನ ಪೀಸು. ಕಪಾಟಿನ ಪೀಸು ದಿನಾ ಬೆಳಿಗ್ಗೆ ಏಳರಿಂದ ಎಂಟರವರೆಗೆ ಬಿಸಿಲಿನಲ್ಲಿ ತಿರುಗಿ, ಕಳ್ಳತನದಿಂದ ವಿಟಮಿನ್ ಡಿ ಮಾಡಿಕೊಂಡರೆ ಪರೀಕ್ಷೆಯ ಗತಿ ಏನು?

"ಭಾವ, ಅವರು ಬಿಸಲಿಗೆ ಹೋಗಬ್ಯಾಡಂತ ಹೇಳಿಲ್ಲಲ್ಲ?" ಅಂದೆ.

"ಹೇಳಬೇಕೇನೋ? ಕಪಾಟಿನ ಬಾಗಿಲಾ ತಗೀಬ್ಯಾಡ ಅಂತ ನಂಗೂ ಯಾರೂ ಹೇಳಿರಲಿಲ್ಲ."

ಅಂದಿನಿಂದ ಅವರ ದಿನಚರಿ ಬದಲಾಯಿತು. ವಾಕಿಂಗು ಬಂದ್. ಸಂಧ್ಯಾವಂದನೆ ಸೂರ್ಯ ಹುಟ್ಟುವ ಮೊದಲೇ ಮುಗಿಯಿತು. ಹೊರಗೆ ಹೋಗಲೇಬೇಕಾದರೆ ತುಂಬುತೋಳಿನ ಅಂಗಿ, ಕೈಗವಸು, ಮಂಗನ ಟೋಪಿ, ಮೇಲೆ ದೊಡ್ಡ ಕರಿ ಛತ್ರಿ. ಆಸ್ಪತ್ರೆಗೆ ಹೋಗುವ ದಿನ ನಸುಕಿನಲ್ಲೇ ಆಟೋ ಹತ್ತಿ, ಆಫೀಸಿನ ಬೀಗ ತೆಗೆಯುವ ಮೊದಲೇ ಅದರ ಮುಂದೆ ಕೂತಿರುತ್ತಿದ್ದರು. ನಡೀತೀರೇನು ಕಾಕಾ ಎಂದು ಪ್ರಾಜಕ್ತಾ ಕೇಳಿದರೆ, ನಡೀತೀನಿ ಅನ್ನುತ್ತಿದ್ದರು. ಅಡುಗೆಮನೆಯಿಂದ ಪಡಸಾಲೆಗೆ ಎಂದು ಹೇಳುತ್ತಿರಲಿಲ್ಲ, ಅವಳು ಕೇಳಿರಲೂ ಇಲ್ಲ.

ಅಪಾರ್ಟ್‌ಮೆಂಟಿನ ಸಂಘದ ಅಧ್ಯಕ್ಷರು ಸೂರ್ಯಕಾಂತ, ನಿವೃತ್ತ ತಹಸೀಲ್ದಾರರು. ಯಾರ ಮನೆಯಲ್ಲಿ ಏನು ನಡೆದರೂ ಪಂಚನಾಮೆ ಮಾಡದೆ ಅವರಿಗೆ ನಿದ್ದೆ ಬಾರದು. ಒಂದು ಮಧ್ಯಾಹ್ನ ಬಂದು, ಮುಚ್ಚಿದ ಪರದೆಗಳನ್ನು ಒಂದೊಂದಾಗಿ ನೋಡಿ, ದನಿ ತಗ್ಗಿಸಿ ಕೇಳಿದರು:

"ರಾಯರ, ಖರೆ ಹೇಳ್ರಿ. ಪೊಲೀಸ್ ಕೇಸ್ ಏನಾರ ಐತೇನು?"

"ಛೇ ಛೇ. ಎರಡು ವರ್ಷ ಬಿಸಲಿಗೆ ಬರಂಗಿಲ್ಲ ಅಷ್ಟs. ಮಾತು ಕೊಟ್ಟೀನಿ."

"ಯಾರಿಗ್ರಿ?"

ಗುಳಿಗೆಯ ಗುಟ್ಟು ಯಾರಿಗೂ ತಿಳಿಯಬಾರದು ಎಂದು ಪ್ರಾಜಕ್ತಾ ಹೇಳಿದ್ದನ್ನು ಭಾವ ಇಡೀ ಪರೀಕ್ಷೆಗೇ ಹಬ್ಬಿಸಿಕೊಂಡಿದ್ದರು. "ಅದು ಹೇಳಂಗಿಲ್ಲ. ದಿನಾ ಬೆಳಿಗ್ಗೆ ಸ್ನಾನಾದ ಮ್ಯಾಲೆ ಒಂದು ನೇಮ ಅದ, ಅದನ್ನೂ ಕೇಳಬ್ಯಾಡ್ರಿ."

ಸೂರ್ಯಕಾಂತರು ಕುರ್ಚಿಯಿಂದ ಎದ್ದು, ಬಾಗಿಲಲ್ಲಿ ಬಿಟ್ಟಿದ್ದ ಚಪ್ಪಲಿಯನ್ನು ಭಕ್ತಿಯಿಂದ ಇನ್ನೂ ಎರಡು ಅಡಿ ದೂರ ಸರಿಸಿದರು. ಅರ್ಧ ತಾಸಿನಲ್ಲಿ ಸಂಘದ ವಾಟ್ಸಾಪ್ ಗುಂಪಿಗೆ ಸುದ್ದಿ ಬಿತ್ತು: ಇನ್ನೂರಾ ಮೂರನೇ ಮನೆಯ ಹನುಮಂತರಾಯರು ಎರಡು ವರ್ಷಗಳ ಕಠಿಣ ವ್ರತ ಹಿಡಿದಿದ್ದಾರೆ, ಅವರ ಕಿಟಕಿಯ ಕೆಳಗೆ ಯಾರೂ ಹಾರ್ನ್ ಹೊಡೆಯಬಾರದು.

ರಥಸಪ್ತಮಿಯ ದಿನ ಇದಕ್ಕೆ ಮುದ್ರೆಯೇ ಬಿತ್ತು. ಅಪಾರ್ಟ್‌ಮೆಂಟಿನವರೆಲ್ಲ ಎಕ್ಕದ ಎಲೆ ತಲೆಯ ಮೇಲಿಟ್ಟು ಸ್ನಾನ ಮಾಡಿ, ಮಾಳಿಗೆಯ ಮೇಲೆ ಸೂರ್ಯನಿಗೆ ಅರ್ಘ್ಯ ಕೊಡಲು ಸೇರಿದ್ದರು. ಅಕ್ಕನ ಒತ್ತಾಯಕ್ಕೆ ಭಾವನೂ ಹತ್ತಿ ಬಂದರು, ಆದರೆ ಮೆಟ್ಟಿಲಿನ ಬಾಗಿಲು ದಾಟಲಿಲ್ಲ. ಛತ್ರಿ ಅಗಲಿಸಿ, ಅದರ ಕೆಳಗಿನಿಂದ ಕೈಯನ್ನು ಮಣಿಕಟ್ಟಿನವರೆಗೆ ಮಾತ್ರ ಹೊರಚಾಚಿ, ಅಂದಾಜಿನ ಮೇಲೆ ಪೂರ್ವಕ್ಕೆ ನೀರು ಬಿಟ್ಟರು. ಅದು ಸೂರ್ಯಕಾಂತರ ಪಾದದ ಮೇಲೆ ಬಿತ್ತು. ಅವರು ಅದನ್ನು ಕಣ್ಣಿಗೆ ಒತ್ತಿಕೊಂಡರು.

ಮಾರ್ಚಿನಲ್ಲಿ ಮೇಲಿನ ಮಹಡಿಯ ತೆಲುಗಿನ ಹೆಣ್ಣುಮಗಳೊಬ್ಬಳು ಇಂಟರ್ ಪರೀಕ್ಷೆಗೆ ಹೊರಟ ಮಗಳನ್ನು ಕರೆತಂದು, "ಸ್ವಾಮಿಗಾರು, ಆಶೀರ್ವದಿಂಚಂಡಿ" ಎಂದು ಕಾಲಿಗೆ ಬೀಳಿಸಿದಳು. ಭಾವ ಗಾಬರಿಯಾಗಿ, ಏನು ಮಾಡಲೂ ತೋಚದೆ, ಹುಡುಗಿಯ ಕೈಯಲ್ಲಿದ್ದ ಹಾಲ್ ಟಿಕೆಟ್ ಇಸಿದುಕೊಂಡರು. ಹೆಸರು, ನಂಬರು, ಫೋಟೋ, ಸಹಿ ಎಲ್ಲ ತಾಳೆ ನೋಡಿ, ರೂಢಿಯಂತೆ "ಪಾಸ್" ಅಂದು ವಾಪಸು ಕೊಟ್ಟರು. ಏಪ್ರಿಲಿನಲ್ಲಿ ಆ ಹುಡುಗಿ ಕಾಲೇಜಿಗೇ ಎರಡನೆಯವಳಾಗಿ ಬಂದಳು.

ಅಲ್ಲಿಂದ ಮುಂದೆ ನಮ್ಮ ಭಾವನ ಮನೆ ಮಠವಾಯಿತು. ನಾನಿದ್ದ ಉಪ್ಪಲ್‌ನಿಂದ ಹೋಗಿ ನೋಡಿದರೆ ನನಗೇ ಒಳಗೆ ಕೂರಲು ಜಾಗವಿಲ್ಲ. ಮದುವೆಯಾಗದವರು, ನೌಕರಿ ಸಿಗದವರು, ಪಾಸ್‌ಪೋರ್ಟು ತಡವಾದವರು ಎಲ್ಲ ಕೈಯಲ್ಲಿ ಒಂದೊಂದು ಕಾಗದ ಹಿಡಿದು ಸಾಲಾಗಿ ಕೂತಿದ್ದರು. ಬರಿಗೈಲಿ ಯಾರೂ ಬರುತ್ತಿರಲಿಲ್ಲ. ಪೇಢೆ, ಬೂಂದಿ ಲಾಡು, ಬಾದುಷಾ. ನಮ್ಮ ಭಾವನಾದರೋ ಬಂದ ಮಾಲಿನಲ್ಲಿ ಒಂದನ್ನಾದರೂ ಬಾಯಲ್ಲಿಟ್ಟು ಪರೀಕ್ಷಿಸದೆ ಒಳಗೆ ಬಿಟ್ಟ ಜೀವವಲ್ಲ.

ಮೇ ತಿಂಗಳಲ್ಲಿ ಅಕ್ಕ ಫೋನ್ ಮಾಡಿದಳು.

"ನರಸ್ಯಾ, ಬೆಳಿಗ್ಗೆ ಖಾಲಿ ಹೊಟ್ಟೀಲೆ ಸಕ್ಕರಿ ಇನ್ನೂರಾ ಮೂವತ್ತು ಬಂದದ. ನಡಿಯೋದಿಲ್ಲ, ಬಿಸಲು ಕಾಣೋದಿಲ್ಲ. ಅವರಪ್ಪಂದೂ ಹಿಂಗs ಏರಿತ್ತಂತ. ದೀಪಾವಳಿಗೆ ಇನ್ನೂ ಐದು ತಿಂಗಳದ. ನನ್ನ ಮಾತು ಕೇಳಂಗಿಲ್ಲ, ನೀನs ಬಂದು ಹೇಳು."

ನಾನು ಸಿಟ್ಟಿನಿಂದಲೇ ಹೋದೆ. ಭಾವ ಪರದೆಯ ಸಂದಿಯಿಂದ ಆಚೆಯ ಕಟ್ಟಡದ ಗೋಡೆ ನೋಡುತ್ತ ಕೂತಿದ್ದರು. "ಸಾಕು ಮಾಡ್ರಿ ಭಾವ, ಇದೆಲ್ಲ ಹುಚ್ಚುತನ. ಆ ಪರೀಕ್ಷಾದಿಂದ ನಿಮಗೇನು ಸಿಗತದ?" ಎಂದು ಬಾಯಿಗೆ ಬಂದಂತೆ ಅಂದೆ. ಅವರು ತಿರುಗದೆ ಉತ್ತರ ಕೊಟ್ಟರು.

"ನಂಗೇನೂ ಸಿಗಂಗಿಲ್ಲ. ಅಪ್ಪ ಹೋದಾಗ ಡಾಕ್ಟರ್ ಏನಂದ್ರು ಗೊತ್ತೇನು? 'ಹಣೆಬರಹ' ಅಂದ್ರು. ಅಣ್ಣ ಹೋದಾಗ ಇನ್ನೊಬ್ಬ ಡಾಕ್ಟರ್ ಅದs ಅಂದ. ನನ್ನ ಇಲಾಖಾದಾಗ ಒಂದು ಪೀಸ್ ಕೆಟ್ಟರ ಯಾಕ ಕೆಟ್ಟತು ಅಂತ ಮೂರು ತಿಂಗಳು ಹುಡುಕ್ತಿದ್ವಿ. ಮನುಷ್ಯಾ ಕೆಟ್ಟರ ಹಣೆಬರಹ. ಈಗ ಯಾರೋ ಕೂತು ಖರೇನ ಹುಡುಕಲಿಕ್ಕೆ ಹತ್ಯಾರ. ಅವರ ಲೆಕ್ಕದಾಗ ನಂದೊಂದು ಅಂಕಿ ಅದ. ಅದು ಸುಳ್ಳು ಅಂಕಿ ಆಗಬಾರದು ನರಸಿಂಹ."

ನನಗೆ ಬಂದ ಸಿಟ್ಟು ಎಲ್ಲಿಗೆ ಹೋಯಿತೋ ತಿಳಿಯದು. ಇಪ್ಪತ್ತೈದು ವರ್ಷ ಮಕ್ಕಳಿಗೆ ಸತ್ಯದ ಪಾಠ ಓದಿಸಿದ ಮಾಸ್ತರ ನಾನು. ಅದಕ್ಕಾಗಿ ಒಂದು ದಿನವೂ ಕಿಟಕಿ ಮುಚ್ಚಿ ಕೂತವನಲ್ಲ. ಆ ಹುಚ್ಚನ ಮುಂದೆ ನನಗೆ ಕೈ ಮುಗಿಯಬೇಕೆನ್ನಿಸಿತು. ಆದರೂ ಸಕ್ಕರೆ ಇನ್ನೂರಾ ಮೂವತ್ತು ಇತ್ತು, ಅಕ್ಕ ಅಡುಗೆಮನೆಯಲ್ಲಿ ಸೆರಗಿನಿಂದ ಕಣ್ಣೊರೆಸುತ್ತಿದ್ದಳು, ನಾನು ಬಂದ ಕೆಲಸ ಆಗಿರಲಿಲ್ಲ.

ಅಷ್ಟರಲ್ಲಿ ಭಾವ ಪರದೆಯನ್ನು ಸರ್ರನೆ ಸರಿಸಿದರು.

"ಮಾಣಿಕಪ್ಪನ ಕರಣಿ ತಪ್ಪಲಿಕ್ಕೆ ಹತ್ಯದ."

ಕಾಂಪೌಂಡ್ ಗೋಡೆಗೆ ಗಿಲಾವು ಬಳಿಯುತ್ತಿದ್ದ ಮಾಣಿಕಪ್ಪ ಒಂದೇ ಜಾಗಕ್ಕೆ ಮೂರು ಸಲ ಕರಣೆಯಿಂದ ಗಾರೆ ಎಸೆದ, ಮೂರೂ ಸಲ ಅದು ನೆಲಕ್ಕೆ ಬಿತ್ತು. ಕೈ ನಡುಗುತ್ತಿತ್ತು. ಅಂಗಿ ಬೆವರಿನಿಂದ ಮೈಗೆ ಅಂಟಿತ್ತು. ನನಗೆ ಬಿಸಿಲಿನ ಬೆವರು ಕಂಡಿತು. ಹನ್ನೊಂದು ವರ್ಷ ಸಕ್ಕರೆಯೊಂದಿಗೆ ಬಾಳಿದವರಿಗೆ ಬೇರೆಯೇ ಕಂಡಿತು.

ಭಾವ ಅಡುಗೆಮನೆಗೆ ಓಡಿದರು. ತೊಗರಿಬೇಳೆ ಡಬ್ಬಿ ಪಕ್ಕಕ್ಕೆ ಸರಿಸಿ, ಹಿಂದಿದ್ದ ಹಳೆಯ ಹುಣಸೆಹಣ್ಣಿನ ಭರಣಿಗೆ ಕೈಹಾಕಿ, ಅದರೊಳಗಿನಿಂದ ಸಕ್ಕರೆಯ ಪೊಟ್ಟಣ ತೆಗೆದರು. ಅಕ್ಕ ಹನ್ನೊಂದು ವರ್ಷದಿಂದ ಸಕ್ಕರೆಯನ್ನು ಅವರ ಕಣ್ಣಿಗೆ ಬೀಳದಂತೆ ಮುಚ್ಚಿಡುತ್ತಿದ್ದ ಜಾಗ ಅದು. ಆ ಗಡಿಬಿಡಿಯಲ್ಲೂ ಅವಳು ಬಾಯಿ ತೆರೆದು ನಿಂತಳು.

ಮೀಟರು, ನೀರಿನ ತಂಬಿಗೆ, ಸಕ್ಕರೆ, ರೂಢಿಯ ಮೇಲೆ ಛತ್ರಿ. ಬರಿಗಾಲು, ಮೈಮೇಲೆ ಬರೀ ಬನಿಯನ್. ಮೇ ತಿಂಗಳ ಮಧ್ಯಾಹ್ನ ಹನ್ನೆರಡೂ ನಲವತ್ತಕ್ಕೆ, ನಾಲ್ಕು ತಿಂಗಳು ಬಿಸಿಲು ಕಾಣದ ನಮ್ಮ ಭಾವ ಬಿಸಿಲಿಗೆ ಧುಮುಕಿದರು. ಹಿಂದೆ ನಾನು ಓಡಿದೆ.

ಮಾಣಿಕಪ್ಪ ಮರಳಿನ ಮೇಲೆ ಕುಸಿದು ಕೂತಿದ್ದ. ಗದಿಗೆಮ್ಮ ತಲೆಯ ಮೇಲಿನ ಬುಟ್ಟಿ ಒಗೆದು ಓಡಿ ಬಂದಳು. "ಯಪ್ಪಾ, ಏನಾತ್ರೀ ಇವಂಗ? ಗುಳಿಗಿ ತಗೊಂಡಾನ, ಕೆಲಸ ಮುಗಿಸಿ ರೊಟ್ಟಿ ತಿಂತೀನಿ ಅಂದಾನ!"

"ಅದs ಆಗ್ಯದ. ಗುಳಿಗಿ ತಗೊಂಡು ಉಪವಾಸ ಇದ್ದಾನ, ಸಕ್ಕರಿ ಇಳದದ. ಅಂಜಬ್ಯಾಡವಾ, ಎಚ್ಚರ ಅದಾನ. ಮಾಣಿಕಪ್ಪಾ, ಇದನ್ನ ಕುಡಿ. ಸಾವಕಾಶ."

ಸಕ್ಕರೆ ನೀರು ಕುಡಿಸಿ, ಬೆರಳು ಚುಚ್ಚಿ ನೋಡಿದರೆ ಐವತ್ತೆರಡು. ಕಾಲು ತಾಸು ಕಾದು ಮತ್ತೆ ನೋಡಬೇಕು. ಅಲ್ಲಿ ನೆರಳೆಂಬುದು ಇರಲಿಲ್ಲ, ದಪ್ಪ ಆಳಾದ ಅವನು ಎದ್ದು ನಡೆಯುವ ಸ್ಥಿತಿಯಲ್ಲಿರಲಿಲ್ಲ. ಭಾವ ಛತ್ರಿಯನ್ನು ಅಗಲಿಸಿ ಮಾಣಿಕಪ್ಪನ ತಲೆಯ ಮೇಲೆ ಹಿಡಿದರು. ತಾವು ಬೋಳು ತಲೆಯ ಮೇಲೆ ಬಿಸಿಲು ಸುರಿಯಿಸಿಕೊಳ್ಳುತ್ತ ಕೈಗಡಿಯಾರ ನೋಡುತ್ತ ನಿಂತರು.

ಬಾಲ್ಕನಿಗಳೆಲ್ಲ ತುಂಬಿದವು. ಮೂರನೇ ಮಹಡಿಯಿಂದ ಸೂರ್ಯಕಾಂತರು ಕೂಗಿದರು: "ಸ್ವಾಮಿ! ರಾಯರ! ವ್ರತಾ! ವ್ರತಾ ಕೆಟ್ಟತು!"

ಭಾವ ತಲೆ ಎತ್ತಲಿಲ್ಲ. "ಅಲ್ಲಿ ನಿಂತು ಒದರಬ್ಯಾಡ್ರಿ ಸೂರ್ಯಕಾಂತರ. ಮನ್ಯಾಗ ರೊಟ್ಟಿ ಇದ್ದರ ತಗೊಂಡು ಕೆಳಗ ಬರ್ರಿ!"

ತಹಸೀಲ್ದಾರರು ತಮ್ಮ ಸೇವಾವಧಿಯಲ್ಲಿ ಯಾರ ಹುಕುಮಿಗೂ ಅಷ್ಟು ವೇಗವಾಗಿ ಮೆಟ್ಟಿಲು ಇಳಿದಿರಲಿಕ್ಕಿಲ್ಲ. ಎರಡು ಜೋಳದ ರೊಟ್ಟಿ, ಪುಂಡಿ ಪಲ್ಯ ಹಿಡಿದು ಬಂದು, ಮರಳಿನ ಮೇಲೆ ಕುಕ್ಕರಗಾಲಲ್ಲಿ ಕೂತು ತಾವೇ ಮುರಿದು ಕೊಟ್ಟರು. ಎರಡನೇ ಸಲ ಮೀಟರು ತೊಂಬತ್ತಾರು ತೋರಿಸಿತು. ಮಾಣಿಕಪ್ಪ ಮೆಲ್ಲಗೆ ನಕ್ಕು, "ರಾಯರ, ನಾಕು ತಿಂಗಳಾತು, ನನ್ನ ಗ್ವಾಡಿ ರಿಜೆಕ್ಟ್ ಮಾಡವರು ಯಾರೂ ಇರಲಿಲ್ರಿ" ಅಂದ. ಭಾನುವಾರದ ಮೀಟರು ನಾಲ್ಕು ತಿಂಗಳಿಂದ ತಪ್ಪಿತ್ತು ಎಂಬುದು ಭಾವನಿಗೆ ಆಗ ನೆನಪಾಯಿತು. ಅವರ ಕಣ್ಣು ತುಂಬಿದ್ದನ್ನು ನಾನು ನೋಡಿದೆ. ಬಿಸಿಲಿಗೆ ಅಂತ ಅವರು ಹೇಳಿದರು.

ಮರುದಿನ ನಸುಕಿನಲ್ಲೇ ನನ್ನನ್ನು ಜೊತೆಗೆ ಕರೆದುಕೊಂಡು ಆಸ್ಪತ್ರೆಗೆ ಹೋದರು. ಕೈಯಲ್ಲಿ ಮೂರು ಪ್ರತಿಯ ವರದಿ. ಪರೀಕ್ಷಾರ್ಥಿಯು ಹನ್ನೆರಡೂ ನಲವತ್ತರಿಂದ ಒಂದು ಗಂಟೆ ಒಂದು ನಿಮಿಷದವರೆಗೆ, ಒಟ್ಟು ಇಪ್ಪತ್ತೊಂದು ನಿಮಿಷ, ಮುಖ, ಎರಡೂ ತೋಳು ಮತ್ತು ಕೂದಲಿಲ್ಲದ ತಲೆಯ ಮೇಲೆ ನೇರ ಬಿಸಿಲು ಪಡೆದಿದ್ದಾನೆ. ತಲೆಯ ವಿಸ್ತೀರ್ಣವನ್ನು ಟೇಪಿನಿಂದ ಅಳೆದು ಲಗತ್ತಿಸಲಾಗಿದೆ. ತಪ್ಪು ಪೂರ್ತಿಯಾಗಿ ಪರೀಕ್ಷಾರ್ಥಿಯದೇ.

"ನನ್ನ ರಿಜೆಕ್ಟ್ ಮಾಡ್ತೀಯೇನವಾ?" ಎಂದು ಪ್ರಾಜಕ್ತಾಳನ್ನು ಕೇಳಿದರು.

ಅವಳು ಓದಿದಳು, ನಕ್ಕಳು, ಮತ್ತೆ ಓದಿದಳು, ನಗು ನಿಂತಿತು. ಓಡಿಹೋಗಿ ಡಾಕ್ಟರ್ ದೀಪ್ತಿಯವರನ್ನು ಕರೆತಂದಳು. ಅವರು ನಮ್ಮ ಕಲಬುರ್ಗಿಯವರೇ. ವರದಿಯನ್ನು ಕೊನೆಯ ಸಾಲಿನವರೆಗೂ ಓದಿ, ಕನ್ನಡಕ ತೆಗೆದು, ಭಾವನನ್ನು ನೋಡಿದರು.

"ಬಿಸಲಿಗೆ ಹೋಗಬ್ಯಾಡ್ರಿ ಅಂತ ಯಾರು ಹೇಳಿದ್ರು ನಿಮಗ?"

"ಯಾರೂ ಹೇಳಿಲ್ರಿ. ಕಪಾಟಿನ ಪೀಸು..." ಎಂದು ಭಾವ ಎಲ್ಲವನ್ನೂ ವಿವರಿಸಿದರು.

"ಅಲ್ರೀ ರಾಯರ, ಮಂದಿ ದಿನಾ ಹೆಂಗ ಇರ್ತಾರೋ ಹಂಗs ಇದ್ದು ಗುಳಿಗಿ ತಗೊಂಡ್ರ ಏನಾಗ್ತದ ಅಂತ ನೋಡೋದು ನಮ್ಮ ಕೆಲಸ. ಎರಡೂ ಗುಂಪಿನಾಗ ಬಿಸಲಾಗ ತಿರಗೋರು ಇದ್ದs ಇರ್ತಾರ. ಮನುಷ್ಯಾರನ್ನ ಕಪಾಟಿನ್ಯಾಗ ಇಡಂಗಿಲ್ರಿ! ನಾಳಿಂದ ನಡೀಲಿಕ್ಕೆ ಹೋಗ್ರಿ. ಮತ್ತ ಆ ಪೇಢೆ..."

"ಅದೂ ವರದಿಯೊಳಗ ಅದರೀ, ಎರಡನೇ ಪುಟ."

ಡಾಕ್ಟರ್ ದೀಪ್ತಿ ಎರಡನೇ ಪುಟವನ್ನೂ ಓದಿದರು. ನಗಲಿಲ್ಲ. ಪ್ರತಿ ಪುಟಕ್ಕೂ ಸಹಿ ಹಾಕಿ, ಮುದ್ರೆ ಒತ್ತಿ, ಒಂದು ಪ್ರತಿ ಫೈಲಿಗೆ ಸೇರಿಸಿ, ಒಂದನ್ನು ಎರಡೂ ಕೈಯಿಂದ ಭಾವನಿಗೆ ಕೊಟ್ಟರು. ಕಾರ್ಖಾನೆಯವರು ನಿವೃತ್ತಿಯ ದಿನ ಹಾಕಿದ ಶಾಲಿಗಿಂತ ಅದು ಅವರಿಗೆ ಹೆಚ್ಚಾಯಿತು. ಹಿಂತಿರುಗುವಾಗ ಛತ್ರಿಯನ್ನು ಆಟೋದಲ್ಲೇ ಮರೆತರು.

ಅಪಾರ್ಟ್‌ಮೆಂಟಿನಲ್ಲಿ ಮಾತ್ರ, ಜೀವ ಉಳಿಸಲು ವ್ರತ ಮುರಿದವನಿಗೆ ಎರಡು ಪಟ್ಟು ಪುಣ್ಯ ಎಂದು ಸೂರ್ಯಕಾಂತರು ಸಾರಿಬಿಟ್ಟಿದ್ದರು. ಪೇಢೆಯೂ ಎರಡು ಪಟ್ಟಾಗುವ ಲಕ್ಷಣವಿತ್ತು. ಭಾವ ಕೆಳಗೆ ಕುರ್ಚಿ ಹಾಕಿಸಿ, ಎಲ್ಲರನ್ನೂ ಕರೆಸಿ, ಒಪ್ಪಿಗೆ ಪತ್ರದ ಹದಿನಾರು ಪುಟವನ್ನೂ ಓದಿ ಹೇಳಿದರು. ಆರನೇ ಪುಟಕ್ಕೆ ಭಕ್ತರು ಕರಗಿದರು. ಕೊನೆಗೆ ಉಳಿದವರು ಸಕ್ಕರೆ ಇದ್ದ ಏಳು ಜನ. ಮಾರನೆಯ ಬೆಳಿಗ್ಗೆ ಏಳಕ್ಕೆ ಅವರೆಲ್ಲ ಭಾವನ ಹಿಂದೆ ವಾಕಿಂಗಿಗೆ ಹೊರಟರು. ಭಾನುವಾರದ ನೋಟ್‌ಬುಕ್ಕಿನಲ್ಲಿ ಮಾಣಿಕಪ್ಪನ ಹೆಸರು ಮತ್ತೆ ಬಂತು.

ದೀಪಾವಳಿ ಬಂತು, ಹೋಯಿತು. ಭಾವನಿಗೆ ಅರವತ್ತನಾಲ್ಕು ಹತ್ತಿದ ಬೆಳಿಗ್ಗೆ ಅಕ್ಕ ಕ್ಯಾಲೆಂಡರಿನ ಮೇಲೆ ಕೊನೆಯ ಗೀಟು ಹಾಕಿ, ಪೆನ್ಸಿಲನ್ನು ಕಿಟಕಿಯಿಂದ ಹೊರಗೆ ಎಸೆದಳು. ಕೆಳಗಿನ ಮನೆಯವರು ಅದನ್ನು ತಂದುಕೊಟ್ಟರು.

ಎರಡು ವರ್ಷ ಮುಗಿದು, ಲೆಕ್ಕವೆಲ್ಲ ಆದ ಮೇಲೆ ಆಸ್ಪತ್ರೆಯಿಂದ ಲಕೋಟೆ ಬಂತು. ಒಳಗೆ ಎರಡು ಕಾಗದ. ಅಕ್ಕ, ನಾನು, ಸೂರ್ಯಕಾಂತರು, ಕೆಲಸ ಮುಗಿಸಿ ಬಂದಿದ್ದ ಮಾಣಿಕಪ್ಪ, ಎಲ್ಲರೂ ಕೂತಿದ್ದೆವು. ಭಾವ ಮೊದಲನೆಯದನ್ನು ಓದಿದರು: ಹೃದಯದ ಮಟ್ಟಿಗೆ, ಖರೆ ಗುಳಿಗೆ ನುಂಗಿದವರಿಗೂ ಖಾಲಿ ಗುಳಿಗೆ ನುಂಗಿದವರಿಗೂ ಈ ಪರೀಕ್ಷೆಯಲ್ಲಿ ವ್ಯತ್ಯಾಸ ಕಾಣಲಿಲ್ಲ.

ಸೂರ್ಯಕಾಂತರು ಅಂದರು: "ಅಂದ್ರ ಎರಡು ವರ್ಷ ದಂಡ ಆತಲ್ರೀ ರಾಯರ."

"ದಂಡ ಹೆಂಗ ಆಗ್ತದರೀ?" ಭಾವ ಎದ್ದು ನಿಂತರು. ಮಾಣಿಕಪ್ಪನ ಕಿಸೆಯಲ್ಲಿ ಇಣುಕುತ್ತಿದ್ದುದು ಅವರ ಕಣ್ಣಿಗೆ ಬಿದ್ದಿತ್ತು. "ಮಾಣಿಕಪ್ಪಾ, ನಿನ್ನ ಕಿಸೇದಾಗ ಏನದ, ತಗಿ."

ಮಾಣಿಕಪ್ಪ ಸಂಕೋಚದಿಂದ ವಿಟಮಿನ್ ಡಿ ಗುಳಿಗೆಯ ಪಟ್ಟಿ ಹೊರತೆಗೆದ. "ನೀವು ತಗೊಳಾಕತ್ತಿದ್ರಲ್ರೀ, ಎದಿಗೆ ಚಲೋ ಐತಿ ಅಂತ ಅಂಗಡ್ಯಾಂವ ಕೊಟ್ಟಾನ್ರಿ. ತಿಂಗಳಾ ತಗೊತೀನಿ. ಅದರ ಸಲುವಾಗಿ ಸಕ್ಕರಿ ಗುಳಿಗಿ ಒಮ್ಮೊಮ್ಮೆ ಬಿಡ್ತೀನ್ರಿ, ಎರಡಕ್ಕೂ ರೊಕ್ಕ ನೀಗಂಗಿಲ್ಲ."

"ನೋಡಿದ್ರೇನ್ರಿ?" ಭಾವ ಆ ಪಟ್ಟಿಯನ್ನು ಎತ್ತಿ ಹಿಡಿದರು. "ಮಾಣಿಕಪ್ಪಾ, ಇದನ್ನ ಎದಿಗಂತ ತಗೋಬ್ಯಾಡ. ರಕ್ತದಾಗ ಕಡಿಮಿ ಅದ, ಎಲುಬಿಗೆ ಬೇಕು ಅಂತ ಡಾಕ್ಟರ್ ಹೇಳಿದ್ರ ತಗೋ. ಸಕ್ಕರಿ ಗುಳಿಗಿ ಮಾತ್ರ ಒಂದಿನಾನೂ ಬಿಡಬ್ಯಾಡ. ಇದನ್ನ ನಾ ಕೇಳಿ ಹೇಳಲಿಕ್ಕೆ ಹತ್ತಿಲ್ಲ. ನುಂಗಿ ನೋಡಿ ಹೇಳಲಿಕ್ಕೆ ಹತ್ತೀನಿ."

ಎರಡನೇ ಕಾಗದದಲ್ಲಿ ಭಾವನಿಗೆ ಸಿಕ್ಕಿದ್ದು ಯಾವ ಗುಳಿಗೆ ಎಂದು ಬರೆದಿತ್ತು. ತಾವು ಕಪಾಟಿನ ಪೀಸೆಂಬುದು ತಮಗೆ ಮೊದಲೇ ಗೊತ್ತೆಂದು ಅವರು ಅದನ್ನು ತೆರೆಯಲೇ ಇಲ್ಲ. ಅಕ್ಕ ಕಸಿದುಕೊಂಡು, ನನ್ನ ಕೈಗೆ ಕೊಟ್ಟು ಓದಿಸಿದಳು.

ಖರೆ ಗುಳಿಗೆ. ಮೊದಲ ದಿನದಿಂದ ಕೊನೆಯ ದಿನದವರೆಗೆ.

ಭಾವ ಕುರ್ಚಿಯಲ್ಲಿ ಕುಸಿದರು. ನಾಲ್ಕು ತಿಂಗಳು ಮಂಗನ ಟೋಪಿ ಹಾಕಿ ಯಾವ ಕಪಾಟನ್ನು ಕಾದಿದ್ದರೋ ಅದರೊಳಗೆ ಅವರು ಇರಲೇ ಇಲ್ಲ. ಮೂವತ್ತೊಂದು ವರ್ಷದ ಇನ್‌ಸ್ಪೆಕ್ಟರು ತಮ್ಮನ್ನೇ ತಪ್ಪು ಗುರುತಿಸಿದ್ದರು. ಸೂರ್ಯಕಾಂತರಿಗೆ ನಗು ತಡೆಯಲಾಗಲಿಲ್ಲ, ಮಾಣಿಕಪ್ಪ ಗೋಡೆಗೆ ಮುಖ ತಿರುಗಿಸಿದ. ಅಕ್ಕ ಮಾತ್ರ ನಗದೆ, ಬೆರಳು ಮಡಚಿ ಏನೋ ಎಣಿಸುತ್ತಿದ್ದಳು.

"ಹಂಗಾರ ಎಲ್ಲಾ ಉಣ್ಣೀದs?" ಅಂದಳು.

"ಎಲ್ಲಾ ಉಣ್ಣೀದs ಅಕ್ಕ."

"ಅಂದ್ರ ಎರಡು ವರ್ಷದಾಗ ನಿಮ್ಮದೊಂದೂ ಏಕಾದಶಿ ಕೆಟ್ಟಿಲ್ಲ!" ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು, ಮುಖ ಮಾತ್ರ ಹಬ್ಬದಂತಿತ್ತು. "ಅಷ್ಟೂ ಪ್ರದಕ್ಷಿಣಿ ಹೆಚ್ಚಿಗೀವು ಬಿದ್ದಾವ, ನಿಮ್ಮ ಆಯುಷ್ಯಕ್ಕ ಹಚ್ಚಲಿ ದೇವರು."

ಭಾವ ತಲೆ ಎತ್ತಿ ಅವಳ ಊದಿದ ಮೊಣಕಾಲುಗಳನ್ನು ಬಹಳ ಹೊತ್ತು ನೋಡಿದರು. ಮದುವೆಯಾಗಿ ಮೂವತ್ತೆಂಟು ವರ್ಷ ಅವಳ ಇಡ್ಲಿಯಲ್ಲೂ ಹೋಳಿಗೆಯಲ್ಲೂ ಒಂದಲ್ಲ ಒಂದು ದೋಷ ಹಿಡಿದಿದ್ದ ಮನುಷ್ಯ.

"ಪಾಸ್," ಅಂದರು.